ಆರನೆಯ ಮನೆಯ ತಾರಸಿ

ಹುಲಿ ಏನೇನು ತಿನ್ನುತ್ತದೆ ಅನ್ನುವುದು ನನಗೆ ಗೊತ್ತು. ಕಿತ್ತಳೆ ಗಿಡದ ಬೇರು ಯಾಕೆ ಕೊಳೆಯುತ್ತದೆ ಅನ್ನುವುದೂ ಗೊತ್ತು. ಬೀಸುವ ಕಲ್ಲಿನ ಮುಂದೆ ಕೂತ ಸೊಸೆ ಹಾಡಿನಲ್ಲಿ ಯಾರನ್ನು ಬೈಯುತ್ತಾಳೆ, ಹಿಂಗಣಾದ ಕಾರ್ಖಾನೆಗಳಿಗೆ ಹೋಗುವ ಬಸ್ಸಿನಲ್ಲಿ ಯಾರು ಕಿಟಕಿ ಪಕ್ಕ ಕೂರುತ್ತಾರೆ, ಅದೂ ಗೊತ್ತು. ಹಾಗಂತ ನಾನೇನು ಪಂಡಿತೆಯಲ್ಲ. ಹುಬ್ಬಳ್ಳಿಯಲ್ಲಿ ಬಿ.ಎ. ಮುಗಿಸಿ, ಟೈಪಿಂಗ್ ಸೀನಿಯರ್ ಪಾಸಾಗಿ, ಲಗ್ನ ಮಾಡಿಕೊಂಡು ನಾಗಪುರಕ್ಕೆ ಬಂದವಳು. ನಮ್ಮನೆಯವರು ರೈಲ್ವೆಯಲ್ಲಿ ಸಿಗ್ನಲ್ ವಿಭಾಗದವರು. ಮೂರು ವರ್ಷ ಇದ್ದು ವಾಪಸ್ ಹೋಗೋಣ ಅಂತ ಬಂದವರು ಇಪ್ಪತ್ತೈದು ವರ್ಷದಿಂದ ಸದರ್‌ನ ಇದೇ ಬಾಡಿಗೆ ಮನೆಯಲ್ಲಿ ಇದ್ದೇವೆ. ಇಷ್ಟು ವರ್ಷ ನಾನು ಮಾಡಿದ ಕೆಲಸ ಒಂದೇ, ಪಿಎಚ್.ಡಿ. ಮಾಡುವ ಹುಡುಗ ಹುಡುಗಿಯರ ಥೀಸಿಸ್ ಟೈಪ್ ಮಾಡಿಕೊಡುವುದು.

ಈಗ ಎಲ್ಲರ ಹತ್ತಿರವೂ ಲ್ಯಾಪ್‌ಟಾಪ್ ಇದೆ, ನನ್ನ ಹತ್ತಿರ ಯಾರು ಬರುತ್ತಾರೆ ಅಂತ ನಾನೂ ಒಮ್ಮೆ ಅಂದುಕೊಂಡಿದ್ದೆ. ಬರುತ್ತಾರೆ. ಪುಟದ ಅಂಚು ಕೂರುವುದಿಲ್ಲ, ಕೋಷ್ಟಕ ಒಂದು ಪುಟದಿಂದ ಇನ್ನೊಂದಕ್ಕೆ ಜಾರಿಹೋಗುತ್ತದೆ, ಚಿತ್ರದ ನಂಬರು ತಪ್ಪುತ್ತದೆ. ಆಗ ಮುಖ ಸಣ್ಣ ಮಾಡಿಕೊಂಡು ನಮ್ಮ ಮೆಟ್ಟಿಲು ಹತ್ತುತ್ತಾರೆ. ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವ ಹಾಗೆ 'ಕಾಕು, ಜಲ್ದಿ ಬೇಕು' ಅನ್ನುತ್ತಾರೆ. ಐದು ವರ್ಷ ಆರಾಮಾಗಿ ಮಾಡಿ ಕೊನೆಯ ಐದು ದಿನದಲ್ಲಿ ಜಲ್ದಿ ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೈಯುತ್ತೇನೆ, ಚಹಾ ಕೊಡುತ್ತೇನೆ, ಮಾಡಿಕೊಡುತ್ತೇನೆ.

ಮೊದಮೊದಲು ನಗು ಬರುತ್ತಿತ್ತು. ಜನ ಯಾವ್ಯಾವುದರ ಬೆನ್ನು ಹತ್ತುತ್ತಾರಲ್ಲ ಮಾರಾಯರೇ! ಪ್ರಾಣಿಶಾಸ್ತ್ರದ ಹುಡುಗನೊಬ್ಬ ಹುಲಿಯ ಹಿಕ್ಕೆಯ ಫೋಟೋಗಳನ್ನು ತಂದು, ಒಂದೊಂದರ ಕೆಳಗೂ ಅದರಲ್ಲಿ ಸಿಕ್ಕ ಕೂದಲು ಯಾವ ಪ್ರಾಣಿಯದು ಅಂತ ಬರೆಸಿದ್ದ. ನಮ್ಮನೆಯವರು ಊಟದ ತಟ್ಟೆ ಹಿಡಿದುಕೊಂಡು ನನ್ನ ಹಿಂದೆ ಬಂದು ನಿಂತರು, ಪರದೆ ನೋಡಿದರು, ತಟ್ಟೆ ಎತ್ತಿಕೊಂಡು ಸೀದಾ ಅಡುಗೆಮನೆಗೆ ನಡೆದರು. 'ಊಟದ ಹೊತ್ತಿನಾಗ ಇದನ್ಯಾಕ ತಗದಿ?' ಅಂತ ಅಲ್ಲಿಂದಲೇ ಕೂಗಿದರು. ಸಮಾಜಶಾಸ್ತ್ರದ ಮೇಷ್ಟ್ರೊಬ್ಬರು, ಆಗಲೇ ನಲವತ್ತು ದಾಟಿದವರು, ಹಿಂಗಣಾ ಬಸ್ಸಿನಲ್ಲಿ ಒಂದು ವರ್ಷ ದಿನಾ ಹೋಗಿಬಂದು, ಕೆಲಸಗಾರರು ದಾರಿಯಲ್ಲಿ ಏನು ಮಾಡುತ್ತಾರೆ ಅಂತ ಬರೆದಿದ್ದರು. ಬಹಳ ಜನ ನಿದ್ದೆ ಮಾಡುತ್ತಾರೆ. ಅದನ್ನು ಹೇಳಲು ಅವರಿಗೆ ಇನ್ನೂರು ಪುಟ ಬೇಕಾಯಿತು. ಆದರೆ ಆ ನಿದ್ದೆಯ ಬಗ್ಗೆ ಅವರು ಬರೆದದ್ದನ್ನು ಟೈಪ್ ಮಾಡುವಾಗ ನನಗೆ ಕಣ್ಣಲ್ಲಿ ನೀರು ಬಂದದ್ದೂ ಸುಳ್ಳಲ್ಲ.

ಗಣಿತದ ಹುಡುಗನ ಥೀಸಿಸ್ ಎಲ್ಲಕ್ಕಿಂತ ತೆಳ್ಳಗಿತ್ತು, ಎಲ್ಲಕ್ಕಿಂತ ಹೆಚ್ಚು ದಿನ ತಿಂದಿತು. ಬರೀ ಚಿಹ್ನೆ. ಇದು ಯಾವುದರ ಬಗ್ಗೆ ಮಗನೇ ಅಂತ ಹಿಂದಿಯಲ್ಲಿ ಕೇಳಿದೆ. ಅವನು ಬಹಳ ಹೊತ್ತು ಕಿಟಕಿಯ ಕಡೆ ನೋಡಿದ. 'ಒಂದು ಥರದ ಆಕಾರ ಕಾಕು. ಅದು ಎಲ್ಲೂ ಇರೋಕೆ ಸಾಧ್ಯವೇ ಇಲ್ಲ ಅಂತ ತೋರಿಸ್ತಿದ್ದೇನೆ' ಅಂದ. ಇಲ್ಲದ್ದರ ಹಿಂದೆ ನಾಲ್ಕು ವರ್ಷ! ಅವನು ಹೋದ ಮೇಲೆ ನಾನೂ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡುತ್ತ ಕೂತೆ. ಇಲ್ಲದ ಆ ಆಕಾರ ಹೇಗಿದ್ದಿರಬಹುದು ಅಂತ ಯೋಚಿಸಿದೆ.

ಮಧ್ಯಾಹ್ನ ಊಟವಾದ ಮೇಲೆ ಕೂಲರ್ ಹಚ್ಚಿ, ಕಂಪ್ಯೂಟರ್ ಪಕ್ಕದಲ್ಲೇ ಚಾಪೆ ಹಾಸಿ ಮಲಗುವುದು ನನ್ನ ರೂಢಿ. ಕೂಲರ್‌ನ ಒದ್ದೆ ಲಾವಂಚದ ವಾಸನೆ, ಗುಂಯ್ ಅನ್ನುವ ಸದ್ದು. ಕಣ್ಣು ಮುಚ್ಚಿದರೆ ಟೈಪ್ ಮಾಡಿದ್ದೆಲ್ಲ ಕಲಸಿಕೊಂಡು ಬರುತ್ತಿತ್ತು. ಹುಲಿ ಹಿಂಗಣಾ ಬಸ್ಸಿನ ಕಿಟಕಿ ಪಕ್ಕ ಕೂತು ಕಿತ್ತಳೆ ಸುಲಿಯುತ್ತಿದೆ. ಕಂಡಕ್ಟರನ ಜಾಗದಲ್ಲಿ ನಿಂತ ಸೊಸೆ ಬೀಸುವ ಪದ ಹಾಡುತ್ತಿದ್ದಾಳೆ. ಅತ್ತೆಯನ್ನು ಬೈಯುವ ಸಾಲು ಬಂದಾಗ ಬಸ್ಸಿನವರೆಲ್ಲ ನಿದ್ದೆಯಲ್ಲೇ ನಗುತ್ತಾರೆ. ಎದ್ದ ಮೇಲೆ ಇದು ಯಾವ ಊರು, ಯಾವ ವಿಷಯ, ನಾನು ಯಾರ ಎಷ್ಟನೇ ಅಧ್ಯಾಯದಲ್ಲಿದ್ದೇನೆ ಅಂತ ತಿಳಿಯಲು ನಾಲ್ಕು ನಿಮಿಷ ಬೇಕಾಗುತ್ತಿತ್ತು. ಆ ನಾಲ್ಕು ನಿಮಿಷ ನನಗೆ ಬಹಳ ಸೇರುತ್ತಿತ್ತು. ನನಗೆ ಅಂತ ಒಂದು ಸ್ವಂತ ವಿಷಯ ಇರಲಿಲ್ಲ, ಹಾಗಾಗಿ ಎಲ್ಲರದೂ ನನ್ನದೇ ಆಗಿತ್ತು.

ಒಂದು ಮಾತಿನಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಅಂಕಿಗಳಿರುವ ಕೋಷ್ಟಕವನ್ನು ಗಟ್ಟಿಯಾಗಿ ಓದದೆ ಯಾರಿಗೂ ಕೊಡುವುದಿಲ್ಲ. ನಾನು ಪರದೆ ನೋಡಿ ಓದಬೇಕು, ಎದುರಿಗೆ ಕೂತವರು ತಮ್ಮ ಮೂಲ ಕಾಗದದ ಮೇಲೆ ಬೆರಳಿಟ್ಟು ನೋಡುತ್ತ ಹೂಂ ಅನ್ನಬೇಕು. ಕಣ್ಣು ದಾಟಿಸಿಬಿಡುವ ತಪ್ಪನ್ನು ಕಿವಿ ಹಿಡಿಯುತ್ತದೆ. ಎಷ್ಟೋ ಜನ ಬೇಸತ್ತು ಆಕಳಿಸುತ್ತಾರೆ, ಆದರೂ ನಾನು ಬಿಡುವುದಿಲ್ಲ.

ಆ ಹುಡುಗಿ ನನಗೆ ಸಿಕ್ಕಿದ್ದು ಸೀತಾಬರ್ಡಿ ಪೇಟೆಯ ಬಟ್ಟೆ ಅಂಗಡಿಯ ಮುಂದೆ. ನಾನು ಹುಬ್ಬಳ್ಳಿಯ ತಂಗಿಯ ಜೊತೆ ಫೋನಿನಲ್ಲಿ ಜಗಳ ಆಡುತ್ತಿದ್ದೆ. ಸಂತೆಯಲ್ಲಿ ಜಗಳ ಆಡುವಾಗ ದನಿ ತಗ್ಗಿಸಬೇಕು ಅನ್ನುವುದು ನನಗೆ ಗೊತ್ತಿಲ್ಲ. ಯಾರೋ ಸೆರಗು ಹಿಡಿದಂತಾಯಿತು. ತಿರುಗಿದರೆ ಕನ್ನಡಕ ಹಾಕಿಕೊಂಡ, ಕಡ್ಡಿಯಂಥ ಒಂದು ಹುಡುಗಿ.

'ಆಂಟಿ, ನೀವು ಕನ್ನಡದವ್ರಾ?' ಅಂದಳು. ಕಣ್ಣು ಆಗಲೇ ತುಂಬಿದ್ದವು.

ಮೈಸೂರಿನವಳು. ಕಟ್ಟಡಗಳ ಬಗ್ಗೆ ಓದುವ ವಿಭಾಗದಲ್ಲಿ ಪಿಎಚ್.ಡಿ. ಮಾಡಲು ಬಂದು ಹಾಸ್ಟೆಲಿನಲ್ಲಿದ್ದಳು. ಆ ಭಾನುವಾರವೇ ಮನೆಗೆ ಕರೆದು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದೆ. ಆಮೇಲೆ ಪ್ರತಿ ಭಾನುವಾರ ಬೆಳಗ್ಗೆ ಬರುವುದು ರೂಢಿಯಾಯಿತು. 'ನೀವು ಪ್ರೀತಿಯಿಂದ ಮಾತಾಡಿದ್ರೂ ಬೈದ ಹಾಗಿರುತ್ತೆ ಆಂಟಿ' ಅನ್ನುತ್ತಿದ್ದಳು. 'ನಿಮ್ಮ ಮೈಸೂರಿನವ್ರು ಜ್ವರ ಬಂದು ಮಲಗಿದವ್ರ ಗತೆ ಮಾತಾಡ್ತೀರಲ್ಲ, ಅದು?' ಅನ್ನುತ್ತಿದ್ದೆ ನಾನು. ನಮ್ಮನೆಯವರು ಇಬ್ಬರ ಕನ್ನಡಕ್ಕೂ ನಗುತ್ತ ಕೂರುತ್ತಿದ್ದರು. ನಮಗೆ ಮಕ್ಕಳಿಲ್ಲ. ಅದನ್ನು ಹೇಳಿ ಯಾರ ಕನಿಕರವೂ ನನಗೆ ಬೇಕಾಗಿಲ್ಲ. ಆದರೆ ಭಾನುವಾರ ಬೆಳಗ್ಗೆ ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸದ್ದು ಕೇಳಿದರೆ ನನ್ನ ಎದೆಗೆ ತಂಪಾಗುತ್ತಿತ್ತು.

ಅವಳ ವಿಷಯ ಬಿಸಿಲು. ಭತ್ತದ ಹೊಟ್ಟಿನ ಬೂದಿ, ಸುಣ್ಣ, ಇನ್ನೂ ಏನೇನೋ ಸೇರಿಸಿ ಅವಳೊಂದು ಬಿಳಿ ಲೇಪ ಮಾಡಿದ್ದಳು. ಅದನ್ನು ತಾರಸಿಗೆ ಬಳಿದರೆ ಒಳಗಿನ ಕೋಣೆ ಎಷ್ಟು ತಣ್ಣಗಿರುತ್ತದೆ ಅಂತ ನೋಡಬೇಕಿತ್ತು. ಐದು ಕಟ್ಟಡ ಗೊತ್ತು ಮಾಡಿಕೊಂಡಿದ್ದಳು: ರಜೆಯಲ್ಲಿ ಬೀಗ ಹಾಕಿದ ಶಾಲೆ, ಒಂದು ಗೋದಾಮು, ಖಾಲಿ ಬಿದ್ದ ಎರಡು ಕ್ವಾರ್ಟರ್ಸು, ಅವಳದೇ ವಿಭಾಗದ ಹಳೇ ಸಾಮಾನು ತುಂಬಿದ ಕೋಣೆ. ಆರನೆಯದು ಸಿಗಲಿಲ್ಲ ಅಂತ ಅಳುಮುಖ ಮಾಡಿಕೊಂಡು ಬಂದಾಗ, 'ನಮ್ಮ ತಾರಸಿ ಏನ್ ಪಾಪ ಮಾಡೇತಿ? ತಗೋ' ಅಂದೆ. ಮೇಲಿನ ಮಹಡಿಯಲ್ಲಿ ನಾವೇ ಇದ್ದದ್ದರಿಂದ ತಾರಸಿಯೂ ನಮ್ಮ ಸುಪರ್ದಿಯಲ್ಲೇ ಇತ್ತು.

ಮಾರ್ಚ್ ತಿಂಗಳಲ್ಲಿ ಬಂದು ಅವಳೇ ದುಪಟ್ಟಾ ಸೊಂಟಕ್ಕೆ ಬಿಗಿದು ಲೇಪ ಬಳಿದಳು. ಒಳಗೆ ನಮ್ಮ ಮಲಗುವ ಕೋಣೆಯ ಮಾಳಿಗೆಯ ಒಳಮೈಗೆ ಕೋಟಿನ ಗುಂಡಿಯಷ್ಟೇ ಇದ್ದ ಒಂದು ಯಂತ್ರ ಅಂಟಿಸಿದಳು. ಅದು ಅರ್ಧ ಗಂಟೆಗೊಮ್ಮೆ ತಾನೇ ಬಿಸಿ ಎಷ್ಟಿದೆ ಅಂತ ಬರೆದುಕೊಳ್ಳುತ್ತಿತ್ತು. ಭಾನುವಾರ ಬಂದು ಅವಳು ಅದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುತ್ತಿದ್ದಳು. ಅಂಟಿಸಿದ ದಿನ ಸ್ಟೂಲಿನಿಂದ ಇಳಿದು ನನ್ನ ಕೈ ಹಿಡಿದುಕೊಂಡಳು.

'ಆಂಟಿ, ಒಂದೇ ಒಂದು ರಿಕ್ವೆಸ್ಟು. ನೀವು ಯಾವಾಗ್ಲೂ ಹೇಗಿರ್ತೀರೋ ಹಾಗೇ ಇರಿ. ನನಗೋಸ್ಕರ ಏನೂ ಬದಲಾಯಿಸ್ಬೇಡಿ.'

'ಆತವಾ' ಅಂದೆ. ಅದರಲ್ಲಿ ಏನು ಕಷ್ಟ?

ಏಪ್ರಿಲ್ ಬಂತೆಂದರೆ ನಾಗಪುರದಲ್ಲಿ ಮಧ್ಯಾಹ್ನ ಮುಗಿಯುವುದೇ ಇಲ್ಲ. ಬೀದಿ ನಾಯಿ ಕೂಡ ನೆರಳು ಬಿಟ್ಟು ಏಳುವುದಿಲ್ಲ. ಕಿಟಕಿಯ ಸರಳು ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಐದೂವರೆಗೆ ಬಿಸಿಲಿನ ಬಣ್ಣ ಸ್ವಲ್ಪ ಹಳದಿಗೆ ತಿರುಗಿದ ಕೂಡಲೇ ನಾನು ಸೆರಗು ಸಿಕ್ಕಿಸಿಕೊಂಡು ತಾರಸಿಗೆ ಹೋಗಿ, ನೀರಿನ ಟಾಕಿಯ ನಲ್ಲಿಗೆ ಪೈಪು ಹಚ್ಚಿ ನೀರು ಬಿಡುತ್ತೇನೆ. ಮೊದಲ ನೀರು ಬಿದ್ದಾಗ ಗಚ್ಚು ಚುಂಯ್ ಅನ್ನುತ್ತದೆ. ಬಿಸಿ ಉಗಿ ಮೊಣಕಾಲಿನ ತನಕ ಏಳುತ್ತದೆ. ಕಾದ ಸಿಮೆಂಟಿನ ವಾಸನೆ, ಒದ್ದೆ ಧೂಳಿನ ವಾಸನೆ. ಆಮೇಲೆ ಅಂಗಾಲಿಗೆ ತಂಪು ಹತ್ತುತ್ತದೆ. ಆಚೆ ಈಚೆ ಎಲ್ಲ ತಾರಸಿಗಳ ಮೇಲೂ ಯಾರೋ ಒಬ್ಬರು ಪೈಪು ಹಿಡಿದು ನಿಂತಿರುತ್ತಾರೆ. ಯಾರೂ ಮಾತಾಡುವುದಿಲ್ಲ. ಸುಮ್ಮನೆ ಕೈ ಎತ್ತುತ್ತಾರೆ. ಗಿಳಿಗಳ ಹಿಂಡು ಕೂಗಿಕೊಂಡು ಹೋಗುತ್ತದೆ, ದೂರದಲ್ಲಿ ರೈಲು ಸೀಟಿ ಹೊಡೆಯುತ್ತದೆ, ನೀರಿನಲ್ಲಿ ಆಕಾಶ ಬಿದ್ದು ನಾನು ಕೆಂಪು ಮೋಡದ ಮೇಲೆ ನಡೆದಾಡುತ್ತಿರುತ್ತೇನೆ. ಆ ಅರ್ಧ ಗಂಟೆ ನಾನು ಯಾರ ಹೆಂಡತಿಯೂ ಅಲ್ಲ, ಯಾರ ಟೈಪಿಸ್ಟೂ ಅಲ್ಲ. ನಾಗಪುರಕ್ಕೆ ಬಂದ ಮೊದಲನೇ ಬೇಸಿಗೆಯಲ್ಲಿ ಪಕ್ಕದ ಮನೆಯ ಮರಾಠಿ ಅಜ್ಜಿ ಕಲಿಸಿಕೊಟ್ಟದ್ದು ಅದು. ಅಂದಿನಿಂದ ಬೇಸಿಗೆಯಲ್ಲಿ ಊರಲ್ಲಿದ್ದು, ಆರೋಗ್ಯವಾಗಿದ್ದು, ನಲ್ಲಿಯಲ್ಲಿ ನೀರಿದ್ದ ಒಂದು ಸಂಜೆಯೂ ನಾನು ತಪ್ಪಿಸಿಲ್ಲ.

ಆ ವರ್ಷವೂ ತಪ್ಪಿಸಲಿಲ್ಲ.

ಹುಡುಗಿ ಬರುತ್ತಿದ್ದದ್ದು ಭಾನುವಾರ ಬೆಳಗ್ಗೆ. ಅಷ್ಟರಲ್ಲಿ ತಾರಸಿ ಒಣಗಿ ಗರಿಗರಿ ಆಗಿರುತ್ತಿತ್ತು. ಮೈಸೂರಿನಲ್ಲಿ ಯಾರು ಸಂಜೆ ತಾರಸಿಗೆ ನೀರು ಹಾಕುತ್ತಾರೆ? ಅವಳಿಗೆ ಕೇಳಬೇಕು ಅಂತ ಹೊಳೆಯಲಿಲ್ಲ. ನನಗೆ ಹೇಳಬೇಕು ಅಂತ ಹೊಳೆಯಲಿಲ್ಲ. ದಿನಾ ಹಲ್ಲುಜ್ಜುತ್ತೇನೆ ಅಂತ ಯಾರಾದರೂ ಹೇಳುತ್ತಾರೆಯೇ?

ಮೇ ತಿಂಗಳ ಒಂದು ಭಾನುವಾರ ಅವಳು ಲ್ಯಾಪ್‌ಟಾಪ್ ಹಿಡಿದು ಕುಣಿಯುವುದೊಂದು ಬಾಕಿ. 'ಆಂಟಿ, ಬೇರೆ ಐದು ಕಡೆ ಲೇಪ ಅಷ್ಟಕ್ಕಷ್ಟೇ. ನಿಮ್ಮನೇಲಿ ನೋಡಿ! ಸಂಜೆ ಆಗ್ತಿದ್ದ ಹಾಗೆ ಹೇಗೆ ಇಳಿಯುತ್ತೆ!' ಪರದೆಯ ಮೇಲೆ ಒಂದು ಗೆರೆ ಗುಡ್ಡ ಹತ್ತಿ ದಡದಡ ಇಳಿದಿತ್ತು. ಮನೆಯೊಳಗೆ ಗಾಳಿ ಆಡುವುದು, ಕಿಟಕಿಗಳ ದಿಕ್ಕು, ಇವೆಲ್ಲ ಲೇಪದ ಜೊತೆ ಸೇರಿ ಹಾಗಾಗಿದೆ ಅಂತ ಅವಳ ಗೈಡ್ ವಿವರಿಸಿದ್ದರು. ನಾಲ್ಕನೇ ಅಧ್ಯಾಯ ಪೂರ್ತಿ ನಮ್ಮ ಮನೆಯದೇ. ನಾನು ಹಿಗ್ಗಿ ಹೀರೇಕಾಯಿ ಆದೆ. ಕೆಳಗಿನ ಮನೆಯವರಿಗೆ, ಹಾಲಿನವನಿಗೆ, ಹುಬ್ಬಳ್ಳಿಯ ತಂಗಿಗೆ, ಎಲ್ಲರಿಗೂ ನಮ್ಮ ಮನೆ ಥೀಸಿಸ್‌ನಲ್ಲಿ ಬರುತ್ತದೆ ಅಂತ ಸಾರಿದೆ.

ಮಳೆಗಾಲ ಕಳೆಯಿತು, ಚಳಿ ಬಂತು. ಡಿಸೆಂಬರ್ ಕೊನೆಗೆ ಅವಳು ಟೈಪಿಂಗಿಗೆ ಎಲ್ಲ ತಂದಳು. ಜನವರಿ ಮುಗಿಯುವುದರೊಳಗೆ ಸಲ್ಲಿಸಬೇಕು. ಸಲ್ಲಿಸಿದ ರಸೀದಿ ತೋರಿಸಿದರೆ ಮೈಸೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಅವಳಿಗೇ ಅಂತ ಆಗಿತ್ತು. ಅವಳ ಅಮ್ಮ ಬೀದಿಗೆಲ್ಲ ಹೇಳಿಯಾಗಿತ್ತು. ಇಷ್ಟು ದಿನ ಯಾರ ಥೀಸಿಸ್ ಮಾಡುವಾಗಲೂ ನನಗಿಲ್ಲದ ಆತಂಕ ಇದಕ್ಕೆ ಇತ್ತು. ಬೇರೆ ಕೆಲಸ ಎಲ್ಲ ಬದಿಗಿಟ್ಟೆ.

ಒಂದು ಮಧ್ಯಾಹ್ನ ಆರನೆಯ ಮನೆಯ ಕೋಷ್ಟಕಕ್ಕೆ ಬಂದೆವು. ಚಳಿಗಾಲದ ಎಳೆಬಿಸಿಲು ಚಾಪೆಯ ಮೇಲೆ ಬಿದ್ದಿತ್ತು. ನಾನು ಓದುತ್ತಿದ್ದೆ, ಅವಳು ಹೂಂ ಅನ್ನುತ್ತಿದ್ದಳು. ದಿನ, ಹೊತ್ತು, ಅಂಕಿ. ದಿನ, ಹೊತ್ತು, ಅಂಕಿ. ಓದುತ್ತ ಓದುತ್ತ ಜೋಗುಳದ ಹಾಗಾಯಿತು, ನನಗೇ ತೂಕಡಿಕೆ. ಐದೂವರೆಗೆ ಇಷ್ಟು, ಆರಕ್ಕೆ ಸ್ವಲ್ಪ ಕಡಿಮೆ, ಆರೂವರೆಗೆ ಇನ್ನೂ ಕಡಿಮೆ. ಮೇ ತಿಂಗಳ ನಡುವೆ ನನ್ನ ನಾಲಿಗೆ ತಡೆಯಿತು. ಒಂದು ದಿನ ಸಂಜೆ ಆರಕ್ಕೂ ಅಂಕಿ ಇಳಿದಿರಲಿಲ್ಲ. ಏಳಕ್ಕೂ ಇಳಿದಿರಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ.

'ಆ ಏಳು ದಿನ ಬಿಟ್ಬಿಡಿ ಆಂಟಿ' ಅಂದಳು ಅವಳು ತಲೆ ಎತ್ತದೆ. 'ಆಗ ಯಂತ್ರ ಕೆಟ್ಟಿತ್ತು ಅನ್ಸುತ್ತೆ. ತೆಗೆದುಬಿಡೋಣ ಅಂದ್ರು ಗೈಡ್.'

ಐದು ದಿನ ಒಟ್ಟಿಗೆ, ಆಮೇಲೆ ಎರಡು ದಿನ ಬಿಡಿಬಿಡಿಯಾಗಿ. ಆ ಐದು ದಿನ ನಾನು ತಂಗಿಯ ಮಗಳ ಸೀಮಂತಕ್ಕೆ ಹುಬ್ಬಳ್ಳಿಗೆ ಹೋಗಿದ್ದೆ. ಒಂದು ದಿನ ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ಇನ್ನೊಂದು ದಿನ ಹಲ್ಲು ಕೀಳಿಸಿಕೊಂಡು ಬಂದು ದವಡೆ ಹಿಡಿದು ಮಲಗಿದ್ದೆ.

ಶಿವನೇ! ಯಂತ್ರ ಕೆಟ್ಟಿರಲಿಲ್ಲ. ಆ ಏಳು ದಿನವೇ ಅದು ನಿಜ ಹೇಳಿತ್ತು. ಮಿಕ್ಕದ್ದೆಲ್ಲ ನಾನು. ಆ ಕೋಷ್ಟಕದ ತುಂಬ, ಆ ಗೆರೆಯ ತುಂಬ, ನಾಲ್ಕನೇ ಅಧ್ಯಾಯದ ತುಂಬ ನಾನು ಪೈಪು ಹಿಡಿದು ನಿಂತಿದ್ದೆ.

'ಆಂಟಿ? ಮುಂದೆ ಓದಿ.'

'ತಲಿ ನೋವಾತವಾ, ಭಾನುವಾರ ಮಾಡೂಣು' ಅಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿ, ತಾನೇ ಚಹಾ ಮಾಡಿಕೊಟ್ಟು ಹೋದಳು.

ಮೂರು ದಿನ ನಾನು ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದೆ. ಎಲ್ಲರ ಮೇಲೆ ಅಂದರೆ ಒಬ್ಬರೇ, ನಮ್ಮನೆಯವರು. ಕೊನೆಗೆ ಅವರು ಪೇಪರ್ ಮಡಚಿಟ್ಟು, ಏನಾತು ಹೇಳು ಅಂದರು. ಹೇಳಿದೆ.

'ಹೇಳಬ್ಯಾಡ' ಅಂದರು.

'ಅಂದ್ರ?'

'ಹೇಳಿದ್ರ ಆ ಹುಡುಗಿ ಕೆಲಸ ಹೋಗ್ತೈತಿ. ಒಂದು ವರ್ಷ ಹೋಗ್ತೈತಿ. ಬ್ಯಾಸಗಿ ಏನು ಅಂಗಡ್ಯಾಗ ಸಿಗ್ತೈತೇನು, ಹೋಗಿ ತರಾಕ? ನೀ ನೀರು ಹಾಕಿದ್ದು ಯಾರಿಗೆ ಗೊತ್ತೈತಿ? ಒಣಗಿ ಹೋತಲ್ಲ.'

'ನಾಳೆ ಯಾರೋ ಬಡವರು ಅದನ್ನ ನಂಬಿ ತಾರಸಿಗೆ ಬಳಕೊಂಡು ಒಳಗ ಕುದೀತಾ ಕೂತ್ರ?'

'ಥೀಸಿಸ್ ಓದಿ ಮನಿ ಕಟ್ಟವ್ರು ಯಾರಲೇ?' ಅಂದರು.

ನಾನು ಕೂಗಾಡಿದೆ. ನನಗೇನು ಹೇಳುವ ಆಸೆ ಇತ್ತೇ? ಅವಳು ಹೋಗಿಬಿಡುತ್ತಾಳೆ, ಭಾನುವಾರಗಳು ಹೋಗುತ್ತವೆ ಅನ್ನುವ ಹೆದರಿಕೆ ನನ್ನನ್ನು ತಿನ್ನುತ್ತಿತ್ತು. ಆದರೆ ಆ ಗಣಿತದ ಹುಡುಗ ನೆನಪಾಗುತ್ತಿದ್ದ. ಅವನು ಥೀಸಿಸ್ ಸಲ್ಲಿಸಿದ ಮೂರನೇ ದಿನ ಓಡಿಬಂದಿದ್ದ. ಒಂದು ಚಿಹ್ನೆ ತಪ್ಪಾಗಿತ್ತು. ಯಾರೂ ನೋಡುವುದಿಲ್ಲ ಬಿಡೋ ಅಂದಿದ್ದೆ ನಾನು. 'ನಾನು ನೋಡಿದೆನಲ್ಲ ಕಾಕು' ಅಂದಿದ್ದ. ಇಷ್ಟು ವರ್ಷ ಇಂಥವರ ಅಂಕಿಗಳನ್ನು ಗಟ್ಟಿಯಾಗಿ ಓದಿಸಿದವಳು ನಾನು, ಈಗ ಬಾಯಿ ಮುಚ್ಚಿಕೊಂಡು ಕೂರುವುದು ಹೇಗೆ?

ಭಾನುವಾರ ಅವಳು ಬಂದಳು. ರೊಟ್ಟಿ ಬಡಿಸಿದೆ. ಎರಡು ತುತ್ತು ತಿನ್ನಲಿ ಅಂತ ಕಾದೆ. ಮೂರನೇ ತುತ್ತಿಗೆ ಹೇಳಿಬಿಟ್ಟೆ.

ಅವಳು ಮೊದಲು ನಕ್ಕಳು. ತಮಾಷೆ ಅಂದುಕೊಂಡಳು. 'ದಿನಾನಾ?' ಅಂದಳು. 'ದಿನಾ' ಅಂದೆ. 'ಪೂರ್ತಿ ತಾರಸಿಗಾ?' 'ಪೂರ್ತಿ.' ಹುಬ್ಬಳ್ಳಿಯ ಐದು ದಿನ, ನಲ್ಲಿಯ ದಿನ, ಹಲ್ಲಿನ ದಿನ, ಎಲ್ಲ ಹೇಳಿದೆ. ಅವಳು ಎದ್ದು ಕೈ ತೊಳೆದುಕೊಂಡು, ಕಾಗದಗಳನ್ನು ತಂದು ಆ ಏಳು ದಿನಗಳನ್ನು ನೋಡಿದಳು. ಮುಖದ ರಕ್ತ ಇಳಿಯುವುದು ಅಂದರೇನು ಅಂತ ಅವತ್ತು ಕಂಡೆ.

'ಯಾಕ್ ಹೇಳಿದ್ರಿ ಆಂಟಿ?' ಅಂದಳು. 'ಇನ್ನು ಇಪ್ಪತ್ತು ದಿನ. ಇಪ್ಪತ್ತು ದಿನ ನೀವು ಸುಮ್ನೆ ಇರೋಕೆ ಆಗ್ಲಿಲ್ವಾ?'

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಅಳುತ್ತಾಳೆ ಅಂದುಕೊಂಡಿದ್ದೆ, ತಬ್ಬಿಕೊಂಡು ಸಮಾಧಾನ ಮಾಡಬೇಕು ಅಂದುಕೊಂಡಿದ್ದೆ.

'ನಿಮಗೇನು ಹೋಯ್ತು? ನೀವು ಹೇಳಿ ಹಗುರ ಆದ್ರಿ' ಅಂದಳು. 'ನಮ್ಮಮ್ಮಂಗೆ ನಾನೇನು ಹೇಳ್ಲಿ?'

ನನ್ನ ಹಾಳು ಸಿಟ್ಟು ನೆತ್ತಿಗೇರಿತು. 'ನೀ ಕೇಳಿದ್ದೇನು?' ಅಂತ ಕೂಗಿದೆ. 'ಒಂದ್ ದಿನರ ಕೇಳಿದ್ದೇನು, ಬ್ಯಾಸಗ್ಯಾಗ ನೀವು ಏನ್ ಮಾಡ್ತೀರಿ ಅಂತ? ಹೆಂಗ ಇರ್ತೀರೋ ಹಂಗ ಇರ್ರಿ ಅಂದಿ. ಹಂಗ ಇದ್ದೆ!'

ಅವಳು ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ಮೆಟ್ಟಿಲಿಳಿದು ಹೋದಳು. ತಟ್ಟೆಯಲ್ಲಿ ಅರ್ಧ ರೊಟ್ಟಿ ಹಾಗೇ ಇತ್ತು. ನಾನು ಅದನ್ನು ನೋಡುತ್ತ ಕೂತು ಅತ್ತೆ. ನಮ್ಮನೆಯವರು 'ನಾನು ಹೇಳಿರಲಿಲ್ಲವೇ' ಅನ್ನಬಹುದಿತ್ತು. ಅನ್ನಲಿಲ್ಲ, ಪುಣ್ಯಾತ್ಮ.

ಆಮೇಲಿನ ಭಾನುವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ. ಫೋನ್ ಮಾಡಿದರೆ ರಿಂಗ್ ಆಗಿ ನಿಲ್ಲುತ್ತಿತ್ತು. ಜನವರಿ ಮುಗಿಯಿತು. ಪಾಲಿ ಭಾಷೆಯ ಒಬ್ಬಳು ಬಂದಳು, ಹತ್ತಿಯ ಹುಳದ ಒಬ್ಬ ಬಂದ, ಕಲ್ಲಿದ್ದಲ ಹಾರುಬೂದಿಯಿಂದ ಬಣ್ಣದ ನೀರು ಶುದ್ಧ ಮಾಡುವ ಇನ್ನೊಬ್ಬ ಬಂದ. ಯಾರ ಪುಟದೊಳಗೂ ನನಗೆ ಹೋಗಲಾಗಲಿಲ್ಲ. ಬೆರಳು ತಮ್ಮಷ್ಟಕ್ಕೆ ಹೊಡೆಯುತ್ತಿದ್ದವು. ಮಧ್ಯಾಹ್ನ ಚಾಪೆಯ ಮೇಲೆ ಮಲಗಿದರೆ ಬಸ್ಸೂ ಇಲ್ಲ, ಹುಲಿಯೂ ಇಲ್ಲ. ಕಣ್ಣು ಮುಚ್ಚಿದರೆ ಅದೇ ಗೆರೆ, ಗುಡ್ಡ ಹತ್ತಿ ದಡದಡ ಇಳಿಯುತ್ತಿತ್ತು. ಮಾಡಿದ್ದು ಸರಿಯೋ ತಪ್ಪೋ ನನಗೆ ನಿಜವಾಗಿಯೂ ತಿಳಿಯದಾಯಿತು. ಇಂದಿಗೂ ಪೂರ್ತಿ ತಿಳಿದಿದೆ ಅಂತ ಹೇಳಲಾರೆ.

ಫೆಬ್ರವರಿಯ ಒಂದು ಬೆಳಗ್ಗೆ, ಭಾನುವಾರವೂ ಅಲ್ಲ, ಬುಧವಾರ, ಬಾಗಿಲ ಹತ್ತಿರ ನೆರಳು ಬಿತ್ತು. ಅವಳೇ. ಇನ್ನಷ್ಟು ಇಳಿದುಹೋಗಿದ್ದಳು. ನಾನು ಒಳಗೆ ಬಾ ಅನ್ನುವ ಮೊದಲೇ ಅವಳೇ ಬಂದು, ತನ್ನ ಎಂದಿನ ಜಾಗದಲ್ಲಿ ಕೂತು, ಚೀಲದಿಂದ ಕಾಗದ ತೆಗೆದಳು.

'ನಾಲ್ಕನೇ ಅಧ್ಯಾಯ ಬದಲಾಗಿದೆ' ಅಂದಳು.

'ಕೆಲಸ?' ಅಂದೆ.

'ಬೇರೆಯವ್ರನ್ನ ತಗೊಂಡ್ರು.'

ಅಷ್ಟೇ. ಅಳಲಿಲ್ಲ. ಗೈಡ್ ಬೈದರಂತೆ, ಆಮೇಲೆ ಇನ್ನೊಂದು ಬೇಸಿಗೆ ಅಳೆಯಲು ಒಪ್ಪಿದರಂತೆ, ಅದಕ್ಕೆ ಮೊದಲು ಹಳೆಯ ಅಧ್ಯಾಯ ತಿದ್ದಿ ತಾ ಅಂದರಂತೆ. ಈ ಸಲ ಖಾಲಿ ಕಟ್ಟಡ ಬೇಡ, ಜನ ಇರುವ ಮನೆಗಳೇ ಬೇಕು ಅಂತ ಇವಳೇ, ಹೋದಲ್ಲೆಲ್ಲ ಮೊದಲು ಕೂತು ಮಾತಾಡಿ, ಪಟ್ಟಿ ಮಾಡುತ್ತಿದ್ದಳಂತೆ. ಅಮ್ಮ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲವಂತೆ. ನಾನು ಅವಳ ಕೈ ಹಿಡಿದುಕೊಂಡೆ. 'ನನ್ನಿಂದ ಆತವಾ. ಕೂಗಾಡಿದೆ ಬ್ಯಾರೆ. ತಪ್ಪಾತು' ಅಂದೆ. ನನ್ನ ಜೀವಮಾನದಲ್ಲಿ ಆ ಮಾತನ್ನು ನಾನು ನಾಲ್ಕೈದು ಸಲಕ್ಕಿಂತ ಹೆಚ್ಚು ಆಡಿಲ್ಲ.

ಅವಳು ಕೈ ಬಿಡಿಸಿಕೊಳ್ಳಲಿಲ್ಲ. 'ಟೈಪ್ ಮಾಡಿ ಓದೋಣ್ವಾ?' ಅಂದಳು.

ಮೊದಲು ಇಪ್ಪತ್ತೆಂಟು ಪುಟವಿದ್ದ ಆರನೆಯ ಮನೆ ಈಗ ಅರ್ಧ ಪುಟವಾಗಿತ್ತು. ಟೈಪ್ ಮಾಡಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಕೊನೆಯ ಎರಡು ಸಾಲು ಅವಳ ಅಕ್ಷರದಲ್ಲಿ ಕಾಗದದ ಹಿಂಬದಿಗಿದ್ದವು, ಅವುಗಳನ್ನು ತಾನೇ ಸೇರಿಸುತ್ತೇನೆ ಅಂತ ಕೀಬೋರ್ಡ್ ಎಳೆದುಕೊಂಡಳು. ಆಮೇಲೆ ನಾನು ಪರದೆ ನೋಡಿ ಓದಲು ಶುರು ಮಾಡಿದೆ. ಅವಳು ಕಾಗದದ ಮೇಲೆ ಬೆರಳಿಟ್ಟಳು. ಇಂಗ್ಲಿಷಿನಲ್ಲಿ ಬರೆದದ್ದು, ನಮ್ಮ ಮಾತಿನಲ್ಲಿ ಹೇಳುವುದಾದರೆ ಇಷ್ಟು: ಆರನೆಯ ಮನೆಯ ಅಂಕಿಗಳನ್ನು ಕೈಬಿಡಲಾಗಿದೆ. ಆರು ಕಟ್ಟಡಗಳಲ್ಲಿ ಜನ ವಾಸವಿದ್ದದ್ದು ಇದೊಂದರಲ್ಲೇ. ಬೇಸಿಗೆಯಲ್ಲಿ ಇಲ್ಲಿಯ ಮನೆಯಾಕೆ ದಿನಾ ಸಂಜೆ ತಾರಸಿಗೆ ನೀರು ಹಾಕುತ್ತಾರೆ. ಸಂಶೋಧಕಿ ಇದನ್ನು ಕೇಳಿರಲಿಲ್ಲ.

ನಾನು ನಿಲ್ಲಿಸಿದೆ. 'ಈ ಸಾಲು ತಗದು ಹಾಕೂಣು' ಅಂದೆ. 'ನಿನ್ನ ತಪ್ಪು ನೀನ ಯಾಕ ಅಚ್ಚು ಹಾಕಿಸ್ತಿ? ನಾ ಏನೋ ಸಿಟ್ಟಿನಾಗ ಅಂದೆ.'

'ಇರ್ಲಿ ಆಂಟಿ. ಇನ್ನೊಂದು ಸಾಲಿದೆ, ಓದಿ.'

ನೋಡಿದೆ. ಓದಲು ಬಾಯಿ ತೆರೆದೆ, ಆಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡೆ, ಆಗಲೂ ಆಗಲಿಲ್ಲ. ಅವಳು ಕಾಗದದಿಂದ ಬೆರಳು ತೆಗೆದಳು. ಆಮೇಲೆ ನನ್ನ ಕಡೆಗೆ ವಾಲಿ, ಪರದೆ ನೋಡುತ್ತ, ಅಂಕಿ ಓದುವಷ್ಟು ನಿಧಾನವಾಗಿ ತಾನೇ ಗಟ್ಟಿಯಾಗಿ ಓದಿದಳು: ಮನೆಯಾಕೆ ತಾವಾಗಿಯೇ ಹೇಳಿದರು.